ಮೆಚ್ಚಿನ ತಿಂಡಿಗೂ ಕಾಲೇಜು ಪ್ರವೇಶಕ್ಕೂ ಏನು ಸಂಬಂಧ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿದ್ದು, ಅಮೆರಿಕದ ಕಾಲೇಜುಗಳಿಗೆ ಅರ್ಜಿ ತುಂಬುತ್ತಿದ್ದಾಳೆ. ಒಂದು ಅರ್ಜಿಯಲ್ಲಿ ‘ನಿಮ್ಮ ಮೆಚ್ಚಿನ ಕುರುಕಲು ತಿಂಡಿ ಯಾವುದು?’ ಎಂದೂ ‘ನಿಮ್ಮನ್ನು ಮೂರು ಪದಗಳಲ್ಲಿ ವರ್ಣಿಸಿ’ ಎಂದೂ ಕೇಳಿದ್ದಾರೆ. ಇಂಥವಕ್ಕೆ ಸರಿಯುತ್ತರ ಯಾವುದು?

ಉತ್ತರ: ಸರಿಯುತ್ತರ ಎಂಬುದೊಂದು ಇಲ್ಲ, ಆದರೆ ಒಳ್ಳೆಯ ಉತ್ತರ ಇದೆ, ಮತ್ತು ಅದನ್ನು ನಿಮ್ಮ ಮಗಳು ಮಾತ್ರ ಬರೆಯಬಲ್ಲಳು.

ನೀವು ಹೇಳುತ್ತಿರುವುದು ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಾಗಿರಬೇಕು. ಅಲ್ಲಿ ಮೂರು ಪದಗಳಲ್ಲಿ ಒಂದೊಂದಕ್ಕೂ 25 ಅಕ್ಷರಗಳ, ತಿಂಡಿ, ಸಿನಿಮಾ, ಕನಸಿನ ಉದ್ಯೋಗದಂಥ ಉಳಿದ ಪ್ರಶ್ನೆಗಳಿಗೆ 100 ಅಕ್ಷರಗಳ ಮಿತಿಯಿದೆ. ಯೇಲ್ ‘ನಿಮಗೆ ಸ್ಫೂರ್ತಿ ನೀಡುವುದು ಯಾವುದು?’ ಎಂದು ಕೇಳಿ 200 ಅಕ್ಷರಗಳನ್ನು ಕೊಡುತ್ತದೆ. ಬದುಕಿನ ಈ ಘಟ್ಟಕ್ಕೆ ಹೊಂದುವ ಹಾಡು ಯಾವುದೆಂದು ಪ್ರಿನ್ಸ್‌ಟನ್ 50 ಪದಗಳಲ್ಲಿ ತಿಳಿಯಬಯಸಿದರೆ, ಕಳೆದ ಎರಡು ಬೇಸಿಗೆಗಳನ್ನು ಹೇಗೆ ಕಳೆದಿರಿ ಎಂದು ಸ್ಟ್ಯಾನ್‌ಫರ್ಡ್ ಅಷ್ಟೇ ಪದಗಳಲ್ಲಿ ಕೇಳುತ್ತ ಬಂದಿದೆ. ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಈ ಸಾಲಿನ ಅರ್ಜಿಯನ್ನೇ ನೋಡಿಕೊಳ್ಳಬೇಕು.

ಸಿಇಟಿ ರ‍್ಯಾಂಕಿನ ಮೇಲೆ ಸೀಟು ಹಂಚಿಕೆಯಾಗುವುದನ್ನು ಕಂಡಿರುವ ನಮಗೆ ಇದು ವಿಚಿತ್ರವೆನಿಸುವುದು ಸಹಜ. ಆದರೆ ಆ ವಿಶ್ವವಿದ್ಯಾಲಯಗಳು ಅಂಕ, ಆಯ್ದುಕೊಂಡ ವಿಷಯಗಳು, ಶಿಕ್ಷಕರ ಶಿಫಾರಸು ಪತ್ರ, ಪ್ರಬಂಧ ಎಲ್ಲವನ್ನೂ ಒಟ್ಟಿಗೆ ಇಟ್ಟು ಓದುತ್ತವೆ. ಒಳ್ಳೆಯ ಅಂಕ ಪಡೆದವರು ಅಲ್ಲಿ ಸೀಟುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಹೀಗಿರುವಾಗ ಹಾಸ್ಟೆಲಿನಲ್ಲಿ, ತರಗತಿಯಲ್ಲಿ ಈ ಹುಡುಗಿ ಎಂಥ ಒಡನಾಡಿಯಾದಾಳು ಎಂಬುದನ್ನು ಊಹಿಸಲು ಈ ಸಣ್ಣ ಉತ್ತರಗಳು ನೆರವಾಗುತ್ತವೆ. ತಿಂಡಿಯ ಆಯ್ಕೆಯಿಂದ ಸೀಟು ಸಿಗುವುದಿಲ್ಲ, ಕೈತಪ್ಪುವುದೂ ಇಲ್ಲ.

ಹೆಚ್ಚಿನವರು ಎಡವುವುದು ಓದುವವರನ್ನು ಮೆಚ್ಚಿಸಹೊರಟಾಗ. ಮೂರು ಪದಗಳೆಂದರೆ ‘ಶ್ರಮಜೀವಿ, ನಾಯಕಿ, ಉತ್ಸಾಹಿ’ ಎಂದು ಬರೆದುಬಿಡುತ್ತಾರೆ. ಹಾಗೆ ಬರೆಯುವವರು ಸಾವಿರಾರು ಮಂದಿ ಇರುವುದರಿಂದ ಆ ಪದಗಳು ಯಾರ ಬಗೆಗೂ ಏನನ್ನೂ ಹೇಳುವುದಿಲ್ಲ. ಅದೇ ಜಾಗದಲ್ಲಿ ‘ರೇಡಿಯೊ ಬಿಚ್ಚುವವಳು’ ಎಂದಿದ್ದರೆ ಒಬ್ಬ ವ್ಯಕ್ತಿ ಕಣ್ಣಿಗೆ ಕಟ್ಟುತ್ತಾಳೆ. ತಿಂಡಿಯ ವಿಷಯದಲ್ಲೂ ಹೀಗೆಯೇ. ‘ಚುರುಮುರಿ’ ಎಂದಷ್ಟೇ ಬರೆದರೆ ಲಾಸ್ ಏಂಜಲೀಸಿನಲ್ಲಿ ಓದುವವರಿಗೆ ಏನೂ ತಿಳಿಯದು. ‘ಮಂಡಕ್ಕಿಗೆ ಈರುಳ್ಳಿ, ನಿಂಬೆರಸ, ತಡೆಯಲಾರದಷ್ಟು ಖಾರ, ಟ್ಯೂಷನ್ ಮುಗಿದ ಮೇಲೆ ನಿಂತುಕೊಂಡೇ ತಿನ್ನುವುದು’ ಎಂಬಷ್ಟನ್ನು ಇಂಗ್ಲಿಷಿನಲ್ಲಿ 100 ಅಕ್ಷರಗಳೊಳಗೆ ಹಿಡಿಸಬಹುದು, ಖಾಲಿ ಜಾಗವೂ ಅಕ್ಷರವಾಗಿಯೇ ಎಣಿಕೆಯಾಗುತ್ತದೆಂಬುದು ನೆನಪಿನಲ್ಲಿದ್ದರೆ ಸಾಕು. ಇನ್ನು ಅವಳಿಗೆ ನಿಜವಾಗಿ ಇಷ್ಟವಾದದ್ದು ಮ್ಯಾಗಿಯಾದರೆ ಮ್ಯಾಗಿ ಎಂದೇ ಬರೆಯಲಿ. ಊರಿನ ಸೊಗಡು ತೋರಿಸಲೆಂದು ಹೋಳಿಗೆಯನ್ನು ಎಳೆದು ತರುವ ಅಗತ್ಯ ಖಂಡಿತ ಇಲ್ಲ.

ಬೇಸಿಗೆಯ ಪ್ರಶ್ನೆ ನಮ್ಮ ಮಕ್ಕಳನ್ನು ವಿಶೇಷವಾಗಿ ಕಾಡುತ್ತದೆ, ಏಕೆಂದರೆ ಅನೇಕರ ರಜೆ ಕೋಚಿಂಗ್ ತರಗತಿಯಲ್ಲೇ ಕಳೆದಿರುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಕೋಚಿಂಗ್‌ಗೆ ಹೋದದ್ದು, ಸಂಜೆ ಅಂಗಡಿಯಲ್ಲಿ ಅಪ್ಪನ ಲೆಕ್ಕ ನೋಡಿಕೊಂಡದ್ದು, ತಮ್ಮನಿಗೆ ಈಜು ಕಲಿಸಿದ್ದು, ಇವೆಲ್ಲ ಗೌರವದ ಸಂಗತಿಗಳೇ. ಅರ್ಜಿಯ ಬೇರೆ ಕಡೆ ಬಂದಿರುವ ಬಹುಮಾನ, ಪ್ರಮಾಣಪತ್ರಗಳನ್ನು ಇಲ್ಲಿ ಮತ್ತೆ ಹೇಳಿದರೆ ಮಾತ್ರ ಸಿಕ್ಕ ಜಾಗ ವ್ಯರ್ಥ.

ಷಿಕಾಗೊ ವಿಶ್ವವಿದ್ಯಾಲಯದ ವಿಷಯ ಬೇರೆ. ‘ಬೆಸ ಸಂಖ್ಯೆಗಳಲ್ಲಿ ಅಂಥ ವಿಚಿತ್ರವೇನಿದೆ?’ ಎಂಬಂಥ ಅದರ ಪ್ರಶ್ನೆಗಳನ್ನು ಸೂಚಿಸುವವರು ಅಲ್ಲಿನ ವಿದ್ಯಾರ್ಥಿಗಳು ಮತ್ತು ಹಳೆಯ ವಿದ್ಯಾರ್ಥಿಗಳು. ಅವಕ್ಕೆ ಒಂದು ಸಾಲು ಸಾಲದು, ಪೂರ್ಣ ಪ್ರಬಂಧವೇ ಬೇಕು.

ತಂದೆತಾಯಿಯಾಗಿ ನೀವು ಉತ್ತರ ಬರೆದುಕೊಡಬೇಡಿ, ಎಐಯಿಂದ ಬರೆಸಲೂ ಬಿಡಬೇಡಿ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್ ಮೂಲಕ ಸಲ್ಲಿಸುವವರು ಬರವಣಿಗೆ ತಮ್ಮದೇ ಎಂದು ದೃಢೀಕರಿಸಬೇಕಾಗುತ್ತದೆ, ಮತ್ತು ಎಐ ಬರೆದುಕೊಟ್ಟದ್ದನ್ನು ಸ್ವಂತದ್ದೆಂದು ಕೊಡುವುದನ್ನು ಅದರ ನಿಯಮಗಳು ವಂಚನೆಯೆಂದೇ ಪರಿಗಣಿಸುತ್ತವೆ. ಬದಲಿಗೆ, ಮಗಳು ಬರೆದದ್ದನ್ನು ಓದಿ ‘ಇದು ನೀನೇ ಏನಮ್ಮ?’ ಎಂದು ಕೇಳಿ. ಮೊದಲ ಸುತ್ತಿನ ಗಡುವು ಅನೇಕ ಕಾಲೇಜುಗಳಲ್ಲಿ ನವೆಂಬರ್ 1 ಆಗಿರುವುದರಿಂದ ಈ ಪುಟ್ಟ ಉತ್ತರಗಳನ್ನು ಕೊನೆಯ ರಾತ್ರಿಗೆ ಉಳಿಸಿಕೊಳ್ಳದೆ, ದೊಡ್ಡ ಪ್ರಬಂಧದ ಕರಡು ಮುಗಿದ ಕೂಡಲೇ ಕೈಗೆತ್ತಿಕೊಳ್ಳುವುದು ಒಳ್ಳೆಯದು.