ಜೀನ್‌ನ ಬಾಯಿ ಮುಚ್ಚಿಸಲು ಎಚ್‌ಐವಿಯ ನೆರವು

1990ರಲ್ಲಿ ಅಮೆರಿಕದ ರಿಚರ್ಡ್ ಜಾರ್ಗೆನ್ಸನ್ ಮತ್ತು ಸಂಗಡಿಗರು ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಇನ್ನಷ್ಟು ಗಾಢ ಮಾಡಲು ಹೊರಟಿದ್ದರು. ಬಣ್ಣಕ್ಕೆ ಬೇಕಾದ ಜೀನ್‌ನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರು. ಅರಳಿದ್ದು ನೋಡಿದರೆ ಹಲವು ಹೂಗಳು ಬೆಳ್ಳಗೆ! ಹೊಸ ಜೀನ್ ಜತೆಗೆ ಗಿಡದ ಸ್ವಂತ ಜೀನ್ ಕೂಡ ಸುಮ್ಮನಾಗಿಬಿಟ್ಟಿತ್ತು.

ಇಂಥ ಒಗಟಿಗೆ ಉತ್ತರ ಹೊಳೆದದ್ದು 1998ರಲ್ಲಿ, ಒಂದು ಪುಟ್ಟ ಹುಳದಿಂದ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅದಕ್ಕೆ ಎರಡೆಳೆಯ ಆರ್‌ಎನ್‌ಎ ಚುಚ್ಚಿದರು. ಅದಕ್ಕೆ ಹೊಂದುವ ಜೀನ್ ಸುಮ್ಮನಾಯಿತು. ಜೀವಕೋಶ ಅದನ್ನು ತುಂಡು ಮಾಡಿ, ಆ ತುಂಡಿಗೆ ಹೊಂದುವ, ಜೀನ್‌ನ ಮಾತನ್ನು ಹೊತ್ತೊಯ್ಯುವ ಸಂದೇಶ ಆರ್‌ಎನ್‌ಎಯನ್ನು ಹುಡುಕಿ ನಾಶ ಮಾಡುತ್ತದೆ. ಜೀನ್ ಇದ್ದಲ್ಲೇ ಇರುತ್ತದೆ, ಅದು ಹೇಳಿದ ಪ್ರೋಟೀನ್ ಮಾತ್ರ ತಯಾರಾಗುವುದಿಲ್ಲ. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಮನುಷ್ಯರ ಜೀವಕೋಶದಲ್ಲಿ ಇದು ಅಷ್ಟು ಸುಲಭವಾಗಿರಲಿಲ್ಲ. ಉದ್ದದ ಎರಡೆಳೆ ಆರ್‌ಎನ್‌ಎ ಕಂಡರೆ ನಮ್ಮ ಕೋಶಕ್ಕೆ ವೈರಸ್ ದಾಳಿಯ ಗಾಬರಿ, ಎಲ್ಲ ಕೆಲಸ ನಿಲ್ಲಿಸಿಬಿಡುತ್ತದೆ. 2001ರಲ್ಲಿ ಜರ್ಮನಿಯಲ್ಲಿ ಥಾಮಸ್ ಟುಶ್ಲ್ ತಂಡ ಬರೀ 21 ಅಕ್ಷರದ ತುಂಡು ಬಳಸಿ ಗೆದ್ದಿತು. ಆದರೂ ಕೋಶ ಒಡೆದು ಎರಡಾದಂತೆ ತುಂಡುಗಳು ಹಂಚಿಹೋಗಿ, ಕೆಲವೇ ದಿನಗಳಲ್ಲಿ ಜೀನ್ ಮತ್ತೆ ಶುರು. ಹಾಗಾಗಿ ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರೂ ಇತರರೂ ಬೇರೆ ದಾರಿ ಹಿಡಿದರು. ಹೇರ್‌ಪಿನ್‌ನಂತೆ ಮಡಚಿಕೊಳ್ಳುವ ಆರ್‌ಎನ್‌ಎಯನ್ನು ಕೋಶವೇ ತಯಾರಿಸಿಕೊಳ್ಳುವಂತೆ ಅದರ ಡಿಎನ್‌ಎಯನ್ನೇ ಒಳಗೆ ಕಳಿಸಿದರು.

ಈ ಡಿಎನ್‌ಎಯನ್ನು ಹಲವು ಬಗೆಯ ಕೋಶಕ್ಕೆ ಮುಟ್ಟಿಸುವ ವಾಹನ ಆಗಲೇ ಸಿದ್ಧವಿತ್ತು. ಒಡೆಯದೆ ಸುಮ್ಮನಿರುವ ಕೋಶದ ಡಿಎನ್‌ಎಗೂ ಸೇರಿಕೊಳ್ಳಬಲ್ಲದು ಎಚ್‌ಐವಿ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಲುಯಿಜಿ ನಾಲ್ದಿನಿ, ಡಿಡಿಯೆ ಟ್ರೊನೊ ಮತ್ತು ಪಂಜಾಬಿನಲ್ಲಿ ಹುಟ್ಟಿದ ಇಂದರ್ ವರ್ಮಾ 1996ರಲ್ಲೇ ಅದರ ರೋಗ ತರುವ ಭಾಗ ತೆಗೆದುಹಾಕಿ, ಇಲಿಯ ಮಿದುಳಿನ ನರಕೋಶಗಳಿಗೆ ಜೀನ್ ತಲುಪಿಸಿದ್ದರು. ಜನ ಹೆಸರು ಕೇಳಿದರೇ ಬೆಚ್ಚುತ್ತಿದ್ದ ವೈರಸ್ ಅದು. ಅದನ್ನು ಹೀಗೆ ಪಳಗಿಸಿದ್ದು ಸಣ್ಣ ಸಾಧನೆಯಲ್ಲ.

ಲ್ಯಾಬ್‌ನಲ್ಲಿ ಕೆಲಸ ನಡೆಯುವುದು ಹೀಗೆ. ವೈರಸ್‌ನ ಭಾಗಗಳನ್ನು ಮೂರು-ನಾಲ್ಕು ಪ್ಲಾಸ್ಮಿಡ್‌ಗಳಲ್ಲಿ (ಡಿಎನ್‌ಎಯ ಪುಟ್ಟ ಬಳೆಗಳಲ್ಲಿ) ಬಿಡಿಬಿಡಿಯಾಗಿಟ್ಟು, ಲ್ಯಾಬ್‌ನಲ್ಲಿ ಬೆಳೆಸುವ 293ಟಿ ಎಂಬ ಮಾನವ ಕೋಶಗಳಿಗೆ ಹಾಕುತ್ತಾರೆ. 48 ಗಂಟೆ ಕಳೆದ ಮೇಲೆ ವೈರಸ್ ತುಂಬಿದ ಮೇಲಿನ ದ್ರವ ತೆಗೆದು, ಸೋಸಿ, ಬೇಕಾದ ಕೋಶಗಳ ಮೇಲೆ ಸುರಿಯುತ್ತಾರೆ. ಆಮೇಲೆ ಪ್ಯೂರೋಮೈಸಿನ್ ಎಂಬ ಕೋಶ ಕೊಲ್ಲುವ ಮದ್ದು ಹಾಕಿದರೆ, ಅದನ್ನು ತಡೆಯುವ ಜೀನ್ ಹೊತ್ತ ವೈರಸ್ ಸೇರದ ಕೋಶಗಳು ಸಾಯುತ್ತವೆ. ಒಳಹೊಕ್ಕ ವೈರಸ್‌ಗೆ ಮರಿ ಮಾಡುವ ಜೀನ್‌ಗಳೇ ಇರುವುದಿಲ್ಲ. ಆದರೂ ಎಚ್ಚರ ಬೇಕೇ ಬೇಕು. ಅದು ಮನುಷ್ಯರ ಕೋಶಕ್ಕೆ ನುಗ್ಗಬಲ್ಲದು. ಕ್ಯಾನ್ಸರ್ ತಡೆಯುವ ಜೀನನ್ನು ಸುಮ್ಮನಾಗಿಸುವ ವೈರಸ್ ಇದ್ದ ಸೂಜಿ ಬೆರಳಿಗೆ ಚುಚ್ಚಿದರೆ ಅದು ತಮಾಷೆಯ ಮಾತಲ್ಲ.

2004ರ ಹೊತ್ತಿಗೆ ಸಾವಿರಾರು ಮಾನವ ಜೀನ್‌ಗಳಿಗೆ ಹೇರ್‌ಪಿನ್ ಸಂಗ್ರಹಗಳು ಬಂದವು. ಸಮಸ್ಯೆಗಳೂ ಬಂದವು. 2006ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಎಎವಿ ಎಂಬ ಇನ್ನೊಂದು ವೈರಸ್ ಮೂಲಕ ಇಲಿಗಳ ಯಕೃತ್ತಿಗೆ 49 ಬಗೆಯ ಹೇರ್‌ಪಿನ್ ಕಳಿಸಿತು. ಅವುಗಳಲ್ಲಿ 36 ಬಗೆಯವು ಯಕೃತ್ತಿಗೆ ಹಾನಿ ಮಾಡಿದವು. 23 ಬಗೆಯವುಗಳಿಂದ ಇಲಿಗಳು ಸತ್ತವು. ಹೇರ್‌ಪಿನ್ ಜಾಸ್ತಿಯಾಗಿ ಕೋಶದ ಸ್ವಂತ ಪುಟ್ಟ ಆರ್‌ಎನ್‌ಎಗಳ ದಾರಿ ಕಟ್ಟಿಹೋಗಿತ್ತು.

ಇನ್ನೂ ಕಾಡಿದ್ದು ಗುರಿ ತಪ್ಪುವಿಕೆ. ಏಳೆಂಟು ಅಕ್ಷರ ಹೊಂದಿದರೂ ಸಾಕು, ಬೇರೆ ಜೀನ್ ಸುಮ್ಮನಾಗಬಹುದು. ಮೆಲ್ಕ್ ಎಂಬ ಜೀನ್ ಇಲ್ಲದೆ ಕೆಲವು ಸ್ತನ ಕ್ಯಾನ್ಸರ್ ಕೋಶಗಳು ಬದುಕುವುದಿಲ್ಲ ಎಂದು ಹೇರ್‌ಪಿನ್ ಪ್ರಯೋಗಗಳು ಹೇಳಿದ್ದವು. ಅದನ್ನು ತಡೆಯುವ ಔಷಧ ರೋಗಿಗಳ ಮೇಲಿನ ಪರೀಕ್ಷೆಗೂ ಹೋಗಿತ್ತು. 2017ರಲ್ಲಿ ಜೇಸನ್ ಶೆಲ್ಟ್ಜರ್ ತಂಡ ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಆ ಜೀನನ್ನೇ ಕೆಡಿಸಿ ನೋಡಿತು. ಕೋಶಗಳು ಆರಾಮಾಗಿ ಬೆಳೆದವು.

ಆದ್ದರಿಂದಲೇ ಈಗ ಒಂದೇ ಹೇರ್‌ಪಿನ್‌ನ ಫಲಿತಾಂಶವನ್ನು ಬಲ್ಲವರು ಒಪ್ಪುವುದಿಲ್ಲ. ಒಂದೇ ಜೀನ್‌ನ ಬೇರೆ ಬೇರೆ ಜಾಗ ಹಿಡಿಯುವ ಕನಿಷ್ಠ ಎರಡು ಬೇಕು ಎನ್ನುತ್ತಾರೆ. ಹೇರ್‌ಪಿನ್‌ಗೆ ಗುರುತು ಸಿಗದಂತೆ ಅಕ್ಷರ ಬದಲಿಸಿದ ಅದೇ ಜೀನನ್ನು ವಾಪಸ್ ಹಾಕಿಯೂ ನೋಡುತ್ತಾರೆ. ಆಗ ಕೋಶ ಮೊದಲಿನಂತಾಗದಿದ್ದರೆ, ಏಟು ಬಿದ್ದದ್ದು ಬೇರೆಲ್ಲೋ.