ಗಣಿತದ ಜೀನ್: ಒಂದು ತಲೆಬರಹದ ಹಿಂದೆ ಮುಂದೆ

1980ರ ಜೂನ್ 18. ನಮ್ಮ ಬೆಂಗಳೂರಿನ ಶಕುಂತಲಾ ದೇವಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ, 28 ಸೆಕೆಂಡಿಗೆ ಉತ್ತರ ಹೇಳಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಸ್‌ವೀಕ್ ವಾರಪತ್ರಿಕೆ ಕೇಳಿತು: ಗಂಡಸರಲ್ಲಿ ಗಣಿತದ ಜೀನ್ ಇದೆಯೇ?

ಪ್ರಶ್ನೆ ಎದ್ದದ್ದು 'ಸೈನ್ಸ್' ಪತ್ರಿಕೆಯ ಒಂದು ಪುಟ್ಟ ಪ್ರಬಂಧದಿಂದ. ಬರೆದವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಮಿಲಾ ಬೆನ್‌ಬೋ ಮತ್ತು ಜೂಲಿಯನ್ ಸ್ಟ್ಯಾನ್ಲಿ. ಕಾಲೇಜು ಸೇರುವವರಿಗೆಂದು ಇದ್ದ ಎಸ್‌ಎಟಿ ಗಣಿತ ಪರೀಕ್ಷೆಯನ್ನು ಏಳು, ಎಂಟನೇ ತರಗತಿಯ ಸುಮಾರು 10 ಸಾವಿರ ಮಕ್ಕಳಿಗೆ ಕೊಟ್ಟಿದ್ದರು. ಹುಡುಗರಿಗೆ ಅಂಕ ಜಾಸ್ತಿ ಬಂತು. ಆದರೆ ಪರೀಕ್ಷೆ ಬರೆದವರು ಎಲ್ಲ ಮಕ್ಕಳ ಪ್ರತಿನಿಧಿಗಳಲ್ಲ, ಮೊದಲೇ ಗಣಿತದಲ್ಲಿ ಮುಂದಿದ್ದವರು. ಜೀನ್ ಅನ್ನಂತೂ ಯಾರೂ ಪರೀಕ್ಷಿಸಿರಲಿಲ್ಲ. ಹಾಗಂತ ತಪ್ಪೆಲ್ಲ ನ್ಯೂಸ್‌ವೀಕ್‌ನವರದ್ದೇ ಅನ್ನುವ ಹಾಗಿಲ್ಲ. ಹುಡುಗರ ಸಾಮರ್ಥ್ಯವೇ ಹೆಚ್ಚಿರಬೇಕು ಎನ್ನುವ ಕಡೆಗೆ ಆ ಸಂಶೋಧಕರೇ ವಾಲಿದ್ದರು.

ಆಮೇಲೆ ನಡೆದದ್ದು ಸ್ವಾರಸ್ಯದ ಸಂಗತಿ. ಮನಶ್ಶಾಸ್ತ್ರಜ್ಞೆ ಜ್ಯಾಕ್ವೆಲಿನ್ ಎಕ್ಲ್ಸ್ ಅವರ ತಂಡ ಆ ಹೊತ್ತಿಗಾಗಲೇ ಮಿಷಿಗನ್‌ನಲ್ಲಿ ಮಕ್ಕಳ ಗಣಿತದ ಬಗ್ಗೆ ಅಪ್ಪ-ಅಮ್ಮಂದಿರನ್ನು ವಿಚಾರಿಸುತ್ತಿತ್ತು. ಸುದ್ದಿಗೆ ಮುಂಚಿನ ಉತ್ತರ ಅವರ ಕೈಯಲ್ಲಿತ್ತು. ಸುದ್ದಿ ಬಂದ ಮೇಲೆ ಮತ್ತೆ ಕೇಳಿದರು. ಜಾನಿಸ್ ಜೇಕಬ್ಸ್ ಜೊತೆ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಸುದ್ದಿ ಗೊತ್ತಿದ್ದ ಅಮ್ಮಂದಿರು, ಗೊತ್ತಿಲ್ಲದ ಅಮ್ಮಂದಿರಿಗಿಂತ, ಮಗಳ ಗಣಿತದ ಶಕ್ತಿಯನ್ನು ಕಡಿಮೆ ಎಂದು ಅಂದಾಜಿಸಿದ್ದರು. ಮಗಳನ್ನು ದಿನಾ ಕಣ್ಣಾರೆ ನೋಡುವವರು ಇವರು! ಕಣ್ಣಿಗಿಂತ ಪೇಪರೇ ಹೆಚ್ಚಾಯಿತು, ಅಲ್ವಾ?

ಇತ್ತ ಲೆಕ್ಕವೂ ಹಾಗೇ ನಿಲ್ಲಲಿಲ್ಲ. ಅದೇ ಪರೀಕ್ಷೆಯಲ್ಲಿ 800ಕ್ಕೆ 700 ಅಥವಾ ಅದಕ್ಕಿಂತ ಹೆಚ್ಚು ಪಡೆದ ಒಬ್ಬ ಹುಡುಗಿಗೆ 13 ಹುಡುಗರಿದ್ದಾರೆ ಎಂದು 1983ರಲ್ಲಿ ಬೆನ್‌ಬೋ ಮತ್ತು ಸ್ಟ್ಯಾನ್ಲಿ ಬರೆದಿದ್ದರು. 1990ರ ದಶಕದಲ್ಲಿ ಅದು ನಾಲ್ಕರ ಆಸುಪಾಸಿಗೆ ಇಳಿದಿತ್ತು. ಜೀನ್ ಅಷ್ಟು ಬೇಗ ಬದಲಾಗುವುದಿಲ್ಲ. 2008ರಲ್ಲಿ ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್ ತಂಡ ಅಮೆರಿಕದ 10 ರಾಜ್ಯಗಳ 70 ಲಕ್ಷಕ್ಕೂ ಹೆಚ್ಚು ಮಕ್ಕಳ ಶಾಲಾ ಅಂಕ ನೋಡಿತು. ಸರಾಸರಿಯಲ್ಲಿ ವ್ಯತ್ಯಾಸವೇ ಇಲ್ಲ ಅನ್ನುವಷ್ಟು ಕಡಿಮೆ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ತಲೆಬರಹ ಸಿದ್ಧವಾಗಿಯೇ ಇರುತ್ತದೆ: 'ಬಾಲಕಿಯರೇ ಮೇಲುಗೈ'. ಕುಸ್ತಿ ಪಂದ್ಯದ ವರದಿಯ ಥರ. ಆದರೆ ಹುಡುಗಿಯರಲ್ಲಿ ಪರೀಕ್ಷೆಯ ಜೀನ್ ಇದೆಯೇ ಎಂದು ಯಾವ ಪೇಪರ್ ಕೇಳಿದ್ದನ್ನೂ ನಾನು ನೋಡಿಲ್ಲ. ಪಾಪ, ಕಷ್ಟಪಟ್ಟು ಓದುತ್ತಾರೆ ಎನ್ನುತ್ತಾರೆ, ಅಷ್ಟೇ.