ನೇಪಿಯನ್ ಕನ್ನಡಿಗರ ಕ್ಷೇತ್ರವಾ? ಈ ಪ್ರಶ್ನೆಗೆ ಒಂದೇ ಸಲ ಪೂರ್ತಿ ಉತ್ತರ

ಪ್ರಶ್ನೆ: ಕೆನಡಾ ಪಾರ್ಲಿಮೆಂಟಿನಲ್ಲಿ ಕನ್ನಡ ಮಾತಾಡಿದ ಚಂದ್ರ ಆರ್ಯ ಅವರ ನೇಪಿಯನ್ ಕ್ಷೇತ್ರದಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ? ಅಷ್ಟು ಕನ್ನಡಿಗರ ವೋಟ್ ಇದ್ದೂ ಅವರನ್ನು ಅಲ್ಲಿ ಈಗಿನ ಪ್ರಧಾನಿ ಮಾರ್ಕ್ ಕಾರ್ನಿ ಹೇಗೆ ಸೋಲಿಸಿದರು?

2022ರ ಮೇ ತಿಂಗಳಲ್ಲಿ ಆ ವಿಡಿಯೊ ಎಲ್ಲರ ವಾಟ್ಸಾಪ್‌ಗೆ ಬಂತಲ್ವಾ, ಅವತ್ತಿಂದ ಈ ಪ್ರಶ್ನೆ ಶುರುವಾಯಿತು. 2025ರ ಚುನಾವಣೆ ಆದ ಮೇಲೆ ಎರಡನೇ ಅರ್ಧ ಸೇರಿಕೊಂಡಿತು. ನಾನು ಎಷ್ಟು ಜನಕ್ಕೆ ಉತ್ತರ ಕೊಟ್ಟಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಮೊದಲು ಎರಡನೇ ಅರ್ಧ, ಏಕೆಂದರೆ ಅದು ಸುಲಭ. ಮಾರ್ಕ್ ಕಾರ್ನಿ ಚಂದ್ರ ಆರ್ಯ ಅವರನ್ನು ಸೋಲಿಸಲಿಲ್ಲ. ಇಬ್ಬರೂ ಎದುರುಬದುರು ನಿಲ್ಲಲೇ ಇಲ್ಲ. ಇಬ್ಬರದೂ ಲಿಬರಲ್ ಪಕ್ಷ. 2025ರ ಜನವರಿಯಲ್ಲಿ ಆರ್ಯ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಲು ಹೊರಟರು, ಪಕ್ಷ ಅದಕ್ಕೆ ಒಪ್ಪಲಿಲ್ಲ. ಮಾರ್ಚ್‌ನಲ್ಲಿ ನೇಪಿಯನ್ ಟಿಕೆಟ್ಟನ್ನೂ ವಾಪಸ್ ಪಡೆಯಿತು, ಕಾರಣವನ್ನು ಜನರ ಮುಂದೆ ಬಿಡಿಸಿ ಹೇಳಲಿಲ್ಲ. ಕೆಲವೇ ದಿನದಲ್ಲಿ ಅದೇ ಕ್ಷೇತ್ರಕ್ಕೆ ಕಾರ್ನಿ ಹೆಸರು ಬಂತು. ಅವರು ಮಾರ್ಚ್ 14ಕ್ಕೇ ಪ್ರಧಾನಿಯಾಗಿದ್ದರು, ಆದರೆ ಕಾಮನ್ಸ್ ಸಭೆಯಲ್ಲಿ, ಅಂದರೆ ಅಲ್ಲಿನ ಲೋಕಸಭೆಯಲ್ಲಿ, ಅವರಿಗೆ ಸೀಟ್ ಇರಲಿಲ್ಲ. ಏಪ್ರಿಲ್ 28ರಂದು ನೇಪಿಯನ್‌ನಲ್ಲಿ ಶೇ 60ಕ್ಕೂ ಜಾಸ್ತಿ ಮತ ಪಡೆದು ಗೆದ್ದರು. ಆ ಭಾಗ ಅಷ್ಟೇ.

ಈಗ ಮೊದಲ ಅರ್ಧ. ಅಲ್ಲಿ ನಮ್ಮವರು ಜಾಸ್ತಿ, ನಮ್ಮವರೇ ಗೆಲ್ಲಿಸಿದರು ಅನ್ನೋ ನಂಬಿಕೆ ಇದೆಯಲ್ಲ, ಅದನ್ನು ಇಲ್ಲಿಗೇ ಬಿಟ್ಟುಬಿಡೋಣ. ದಯವಿಟ್ಟು.

2015ರಲ್ಲಿ ಆರ್ಯ ಮೊದಲ ಸಲ ಗೆದ್ದಾಗ ನೇಪಿಯನ್‌ನಲ್ಲಿ ಬಿದ್ದ ಮತ ಸುಮಾರು 65 ಸಾವಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ ಸುಮಾರು 34 ಸಾವಿರ, ಅವರಿಗೆ ಬಂತು. ಎರಡನೇ ಸ್ಥಾನದಲ್ಲಿದ್ದ ಕನ್ಸರ್ವೇಟಿವ್ ಅಭ್ಯರ್ಥಿಗಿಂತ 10 ಸಾವಿರಕ್ಕೂ ಜಾಸ್ತಿ ಮತಗಳ ಅಂತರ. ಈಗ ನೀವೇ ಯೋಚಿಸಿ. ಒಟ್ಟಾವಾದ ರಾಜ್ಯೋತ್ಸವಕ್ಕೋ ಯುಗಾದಿ ಊಟಕ್ಕೋ ಬಂದವರು ಹೇಳಲಿ, ಇಡೀ ಊರಿನ ಕನ್ನಡಿಗರು ಸೇರಿದರೂ ಒಂದು ಹಾಲ್ ಸಾಕಾಗುತ್ತದೆ. 10 ಸಾವಿರದ ಅಂತರವನ್ನು ಒಂದು ಹಾಲ್ ಜನ ತರೋದಕ್ಕೆ ಆಗುತ್ತದಾ?

ಇನ್ನೊಂದು ವಿಷಯವನ್ನು ಊರಲ್ಲಿ ಇರುವವರು ಮರೆತೇ ಬಿಡುತ್ತಾರೆ. ಕೆನಡಾದಲ್ಲಿ ಇರುವವರೆಲ್ಲ ಅಲ್ಲಿ ವೋಟ್ ಹಾಕೋ ಹಾಗಿಲ್ಲ. ಸ್ಟೂಡೆಂಟ್ ಪರ್ಮಿಟ್‌ನಲ್ಲಿ ಬಂದವರು ಹಾಕುವ ಹಾಗಿಲ್ಲ, ವರ್ಕ್ ಪರ್ಮಿಟ್‌ನವರೂ ಹಾಕುವ ಹಾಗಿಲ್ಲ, ಪಿಆರ್, ಅಂದರೆ ಅಲ್ಲೇ ಕಾಯಂ ವಾಸಕ್ಕೆ ಅನುಮತಿ, ಇದ್ದವರೂ ಹಾಕುವ ಹಾಗಿಲ್ಲ. ಪೌರತ್ವ ಬೇಕು. ಅದಕ್ಕೆ ಅರ್ಜಿ ಹಾಕಬೇಕಾದರೆ ಹಿಂದಿನ 5 ವರ್ಷದಲ್ಲಿ 1,095 ದಿನ ದೇಶದೊಳಗೇ ಇದ್ದಿರಬೇಕು, ಆಮೇಲೆ ಪರೀಕ್ಷೆ, ಪ್ರಮಾಣವಚನ, ಅದಕ್ಕೆ ಕಾಯೋದು ಬೇರೆ. ಜತೆಗೆ ಭಾರತದ ಪಾಸ್‌ಪೋರ್ಟ್ ಬಿಡಬೇಕು. ಇದಕ್ಕೆ ಮನಸ್ಸು ಬಾರದೆ ವರ್ಷಗಟ್ಟಲೆ ಪಿಆರ್‌ನಲ್ಲೇ ಉಳಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಕಾಣುವ ಕನ್ನಡಿಗರೇ ಬೇರೆ, ಮತಪಟ್ಟಿಯಲ್ಲಿರುವ ಕನ್ನಡಿಗರೇ ಬೇರೆ. ಎರಡನೇ ಗುಂಪು ಇನ್ನೂ ಚಿಕ್ಕದು.

"ಹಾಗಾದರೆ ಭಾರತೀಯರೆಲ್ಲ ಸೇರಿ ಗೆಲ್ಲಿಸಿರಬೇಕು" ಅಂತ ಮುಂದಿನ ಮೆಟ್ಟಿಲು ಹತ್ತುವವರೂ ಇದ್ದಾರೆ. ಭಾರತದಿಂದ ಬಂದವರೆಲ್ಲ ಒಂದೇ ಪಕ್ಷಕ್ಕೆ ವೋಟ್ ಹಾಕುತ್ತಾರೆ ಅಂತ ಯಾರು ಹೇಳಿದರು? ನಮ್ಮೂರಲ್ಲಿ ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ಗುಂಡಿ ಒತ್ತಿ ಬರುತ್ತಾರೆ. ವಿಮಾನ ಹತ್ತಿದ ಕೂಡಲೇ ಆ ಸ್ವಭಾವ ಹೋಗಿಬಿಡುತ್ತದಾ? ತೆರಿಗೆ, ಮನೆ ಬೆಲೆ, ಮಕ್ಕಳ ಡೇಕೇರ್ ಖರ್ಚು ನೋಡಿ ಅವರೂ ವೋಟ್ ಹಾಕುತ್ತಾರೆ, ಪಕ್ಕದ ಮನೆಯವರ ಹಾಗೆಯೇ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಸಮುದಾಯದ ಬಲ ನಿಜವಾಗಿ ಕೆಲಸಕ್ಕೆ ಬರುವ ಜಾಗ ಒಂದಿದೆ. ಅದು ಚುನಾವಣೆಗೆ ಮೊದಲು ನಡೆಯುವ ನಾಮಿನೇಷನ್. ಅಲ್ಲಿ ಬಹಳ ಕಡೆ ಅಭ್ಯರ್ಥಿ ಯಾರು ಅಂತ ಆ ಕ್ಷೇತ್ರದ ಪಕ್ಷದ ಸದಸ್ಯರು ವೋಟ್ ಹಾಕಿ ತೀರ್ಮಾನಿಸುತ್ತಾರೆ. ಸದಸ್ಯರಾಗಲು ಪೌರತ್ವ ಬೇಕಿಲ್ಲ, ಪಿಆರ್ ಸಾಕು. ಕೆಲವು ನೂರು ಜನ ಬಂದರೂ ಫಲಿತಾಂಶ ಆ ಕಡೆ ಈ ಕಡೆ ಆಗಬಹುದು. ಆದರೆ ಅದು ಟಿಕೆಟ್‌ವರೆಗಿನ ದಾರಿ. ಆಮೇಲಿನ 34 ಸಾವಿರ ಮತ ಬೇರೆಯೇ ಲೆಕ್ಕ.

ನನ್ನನ್ನು ಕೇಳಿದರೆ, ನಮ್ಮವರು ಗೆಲ್ಲಿಸಿದರು ಅನ್ನೋ ಈ ಕಥೆ ಅವರ ಗೆಲುವನ್ನು ಚಿಕ್ಕದು ಮಾಡುತ್ತದೆ. ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನಿಂದ ಹೊರಟು, 2006ರಲ್ಲಿ ಕೆನಡಾಕ್ಕೆ ಹೋಗಿ, 9 ವರ್ಷದಲ್ಲಿ ಅಲ್ಲಿ ಎಂಪಿ ಆದವರು. ಅವರಿಗೆ ವೋಟ್ ಹಾಕಿದವರಲ್ಲಿ ಹೆಚ್ಚಿನವರು ಕನ್ನಡ ಅನ್ನೋ ಹೆಸರನ್ನೇ ಕೇಳಿರಲಿಕ್ಕಿಲ್ಲ. ಹೆಮ್ಮೆ ಪಡುವುದಾದರೆ ಇದಕ್ಕೆ ಪಡಬೇಕು.

ಹಾಗಾದರೆ ನಿಜವಾಗಿ ಯಾರು ಗೆಲ್ಲಿಸಿದರು? ಇದಕ್ಕೆ ಆ ನೆಲದ ಕಥೆ ಗೊತ್ತಿರಬೇಕು.

ನೇಪಿಯನ್ ಅಂದರೆ ಒಟ್ಟಾವಾದ ನೈಋತ್ಯಕ್ಕಿರುವ ಬಡಾವಣೆಗಳು. ಬಾರ್‌ಹೇವನ್ ಅದರಲ್ಲಿ ದೊಡ್ಡದು. 1960ರ ದಶಕದವರೆಗೆ ಹೊಲಗದ್ದೆ ಇದ್ದ ಜಾಗ. ಈಗ ಸಾಲು ಮನೆಗಳು, ಶಾಲೆಗಳು, ಬೆಳಿಗ್ಗೆ ಬಸ್ ಹಿಡಿದು ಪೇಟೆ ಕಡೆ ಹೋಗುವ ಸಂಸಾರಸ್ಥರು. ಒಟ್ಟಾವಾ ರಾಜಧಾನಿ ಆದ್ದರಿಂದ ಇಲ್ಲಿ ಕೇಂದ್ರ ಸರ್ಕಾರಿ ನೌಕರರು ಬಹಳ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೆನಡಾದವರು ಕ್ಷೇತ್ರಕ್ಕೆ ರೈಡಿಂಗ್ ಅನ್ನುತ್ತಾರೆ. 10 ವರ್ಷಕ್ಕೊಮ್ಮೆ ಜನಗಣತಿ ನೋಡಿಕೊಂಡು ಅದರ ಗಡಿಗಳನ್ನು ಮತ್ತೆ ಎಳೆಯುತ್ತಾರೆ. ನಮ್ಮಲ್ಲಿ 2008ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಬೆಂಗಳೂರು ಗ್ರಾಮಾಂತರ ಬಂತಲ್ಲ, ಹಾಗೆ. ಅದಕ್ಕೇ ನೇಪಿಯನ್ ಯಾವತ್ತೂ ಲಿಬರಲ್ಲೇ ಅಂತ ಯಾರಾದರೂ ಹೇಳಿದರೆ, ಯಾವ ನೇಪಿಯನ್ ಅಂತ ಕೇಳಬೇಕು. 1979ರಲ್ಲಿ ಈ ಭಾಗ ನೇಪಿಯನ್–ಕಾರ್ಲ್‌ಟನ್ ಅನ್ನೋ ಹೆಸರಿನಲ್ಲಿತ್ತು. ಆಗ ಗೆದ್ದವರು ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ವಾಲ್ಟರ್ ಬೇಕರ್, 1984ರಲ್ಲಿ ಅದೇ ಪಕ್ಷದ ಬಿಲ್ ಟಪ್ಪರ್. 1988ಕ್ಕೆ ಬರೀ ನೇಪಿಯನ್ ಅನ್ನೋ ಕ್ಷೇತ್ರ ಹುಟ್ಟಿತು. ಆ ಸಲ ಮತ್ತು 1993ರಲ್ಲಿ ಲಿಬರಲ್ ಪಕ್ಷದ ಬೆರಿಲ್ ಗ್ಯಾಫ್ನಿ ಗೆದ್ದರು. 1997ರಲ್ಲಿ ಆ ಹೆಸರು ಹೋಗಿ ಮತ್ತೆ ನೇಪಿಯನ್–ಕಾರ್ಲ್‌ಟನ್ ಬಂತು, ಒಂದು ತುಂಡು ಒಟ್ಟಾವಾ ವೆಸ್ಟ್–ನೇಪಿಯನ್‌ಗೆ ಹೋಯಿತು. ನೇಪಿಯನ್–ಕಾರ್ಲ್‌ಟನ್‌ನಲ್ಲಿ ಎರಡು ಸಲ ಲಿಬರಲ್ ಪಕ್ಷದ ಡೇವಿಡ್ ಪ್ರ್ಯಾಟ್ ಗೆದ್ದರು. ಆಗ ಬಲಪಂಥದ ಮತಗಳು ಎರಡು ಪಕ್ಷಗಳಿಗೆ ಹಂಚಿಹೋಗುತ್ತಿದ್ದವು. 2003ರ ಕೊನೆಗೆ ಆ ಎರಡೂ ಸೇರಿ ಒಂದೇ ಕನ್ಸರ್ವೇಟಿವ್ ಪಕ್ಷ ಆಯಿತು. 2004ರಲ್ಲಿ ಪ್ರ್ಯಾಟ್ ದೇಶದ ರಕ್ಷಣಾ ಸಚಿವರು. ಅವರನ್ನು ಸೋಲಿಸಿದ್ದು 25 ವರ್ಷದ ಒಬ್ಬ ಹುಡುಗ. ಹೆಸರು ಪಿಯೆರ್ ಪೊಲಿಯೆವ್.

ಹೌದು, ಮುಂದೆ ಕನ್ಸರ್ವೇಟಿವ್ ನಾಯಕರಾದ ಅದೇ ಪೊಲಿಯೆವ್. ಅವರು ಅಲ್ಲಿ 2004, 2006, 2008, 2011, ನಾಲ್ಕು ಸಲ ಗೆದ್ದರು. ಕೊನೆಯ ಮೂರು ಸಲ ಅರ್ಧಕ್ಕಿಂತ ಜಾಸ್ತಿ ಮತ ಪಡೆದರು. 2015ರ ಚುನಾವಣೆಗೆ ಗಡಿ ಮತ್ತೆ ಬದಲಾಯಿತು. ಆಗ ಮತ್ತೆ ಹುಟ್ಟಿದ ನೇಪಿಯನ್‌ನ ದೊಡ್ಡ ಪಾಲು ಪೊಲಿಯೆವ್ ಅವರ ಹಳೇ ಕ್ಷೇತ್ರದಿಂದ ಬಂದದ್ದು, ಉಳಿದದ್ದು 2015ರ ಆರಂಭದವರೆಗೆ ಕನ್ಸರ್ವೇಟಿವ್ ಸರ್ಕಾರದ ವಿದೇಶಾಂಗ ಸಚಿವರಾಗಿದ್ದ ಜಾನ್ ಬೇರ್ಡ್ ಅವರ ಒಟ್ಟಾವಾ ವೆಸ್ಟ್–ನೇಪಿಯನ್‌ನಿಂದ ಬಂದದ್ದು. ಅಂದರೆ ಕಾಗದದ ಮೇಲೆ ಇದು ಪೂರ್ತಿ ಕನ್ಸರ್ವೇಟಿವ್ ನೆಲ. ಆರ್ಯ ನಿಂತದ್ದು ಅಂಥ ಕಡೆ. ಪೊಲಿಯೆವ್ ಪಕ್ಕದ ಕಾರ್ಲ್‌ಟನ್‌ಗೆ ಹೋಗಿ 2 ಸಾವಿರಕ್ಕೂ ಕಡಿಮೆ ಅಂತರದಲ್ಲಿ ಹೇಗೋ ಗೆದ್ದರು.

ಆ ವರ್ಷ ಗಾಳಿ ತಿರುಗಿತ್ತು. ಲಿಬರಲ್ ಪಕ್ಷ 34 ಸೀಟಿನಿಂದ 184ಕ್ಕೆ ಏರಿತು. ಒಟ್ಟಾವಾ ನಗರದ ಸೀಟುಗಳಲ್ಲಿ ಕಾರ್ಲ್‌ಟನ್ ಬಿಟ್ಟು ಎಲ್ಲವೂ ಲಿಬರಲ್ ಕಡೆ ಹೋದವು. ಜಸ್ಟಿನ್ ಟ್ರೂಡೊ ಅವರ ಅಲೆ ಒಂದು ಕಾರಣ. ಇನ್ನೊಂದು, ನಾನು ಆಗ ನೆನಪಿಡಿ ಅಂದೆನಲ್ಲ, ಸರ್ಕಾರಿ ನೌಕರರು. ಆಗಿನ ಕನ್ಸರ್ವೇಟಿವ್ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ಕಾರ 2012ರ ಬಜೆಟ್‌ನಲ್ಲಿ 19,200 ಕೇಂದ್ರ ಸರ್ಕಾರಿ ಹುದ್ದೆಗಳನ್ನು ಕಡಿತ ಮಾಡುವುದಾಗಿ ಹೇಳಿತ್ತು, ಆಮೇಲೆ ಸಿಕ್ ಲೀವ್ ವಿಷಯಕ್ಕೂ ಯೂನಿಯನ್‌ಗಳ ಜತೆ ಜಗಳ ಆಯಿತು. ಬಾರ್‌ಹೇವನ್‌ನಂಥ ಕಡೆ ಇದು ಪೇಪರ್‌ನಲ್ಲಿ ಓದಿ ಮರೆಯುವ ಸುದ್ದಿ ಆಗಿರಲಿಲ್ಲ. ಅದು ಮನೆ ಕಂತು ಕಟ್ಟುವ ಸಂಬಳದ ಪ್ರಶ್ನೆ.

2019 ಮತ್ತು 2021ರಲ್ಲಿ ಆರ್ಯ ಮತ್ತೆ ಗೆದ್ದರು, ಎರಡೂ ಸಲ ಶೇ 45ರ ಆಸುಪಾಸು. ಆದರೆ ಅದೇ ಗಡಿಯ ಪ್ರಾಂತ್ಯ ಕ್ಷೇತ್ರದಲ್ಲಿ, ನಮ್ಮ ಲೆಕ್ಕದಲ್ಲಿ ವಿಧಾನಸಭೆ ಅಂದುಕೊಳ್ಳಿ, 2018 ಮತ್ತು 2022ರಲ್ಲಿ ಗೆದ್ದದ್ದು ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಲಿಸಾ ಮೆಕ್ಲೌಡ್. ಅದೇ ಬೀದಿ, ಅದೇ ಮನೆಗಳು. ಕೇಂದ್ರಕ್ಕೆ ಒಂದು, ಪ್ರಾಂತ್ಯಕ್ಕೆ ಇನ್ನೊಂದು. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕ್ಷೇತ್ರಕ್ಕೆ ಭದ್ರಕೋಟೆ ಅನ್ನೋ ಪದ ಯಾರೂ ಬಳಸಬಾರದು.

ಪಕ್ಕದ ಕಾರ್ಲ್‌ಟನ್ ಕಥೆಯನ್ನೂ ಹೇಳಿಬಿಡುತ್ತೇನೆ. 2025ರಲ್ಲಿ ಅಲ್ಲಿ 91 ಅಭ್ಯರ್ಥಿಗಳು. ಚುನಾವಣಾ ಪದ್ಧತಿಯನ್ನೇ ಬದಲಿಸಬೇಕು ಅನ್ನುವವರ ಪ್ರತಿಭಟನೆ ಅದು. ಮತಪತ್ರ ಸುಮಾರು ಒಂದು ಮೀಟರ್ ಉದ್ದ. ಅಲ್ಲಿ ಮತಯಂತ್ರ ಇಲ್ಲ, ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕಬೇಕು. ಅಷ್ಟುದ್ದ ಕಾಗದವನ್ನು ಜನ ಮಡಚಿ ಮಡಚಿ ಹಾಕಿದರು. ಎಣಿಸಿದಾಗ ಪೊಲಿಯೆವ್ ಸೋತಿದ್ದರು, ಲಿಬರಲ್ ಪಕ್ಷದ ಬ್ರೂಸ್ ಫ್ಯಾಂಜಾಯ್ ಗೆದ್ದಿದ್ದರು. ಆಮೇಲೆ ಆಲ್ಬರ್ಟಾದ ಒಬ್ಬ ಎಂಪಿ ರಾಜೀನಾಮೆ ಕೊಟ್ಟು ಜಾಗ ಮಾಡಿಕೊಟ್ಟರು, ಆಗಸ್ಟ್‌ನ ಉಪಚುನಾವಣೆಯಲ್ಲಿ ಪೊಲಿಯೆವ್ ಅಲ್ಲಿಂದ ಗೆದ್ದು ಬಂದರು.

ಇಲ್ಲಿಗೆ ನೀವು ಕೇಳಿದ್ದು ಮುಗಿಯಿತು. ಆದರೆ ಯಾರೂ ಕೇಳದ ಒಂದು ವಿಷಯ ಇದೆ, ನನಗೆ ಅದೇ ಎಲ್ಲಕ್ಕಿಂತ ಇಷ್ಟ. ನೇಪಿಯನ್ ಅಂದರೆ ಏನು?

ಅದೊಬ್ಬ ಮನುಷ್ಯನ ಹೆಸರು. ಸರ್ ಇವಾನ್ ನೇಪಿಯನ್, 18ನೇ ಶತಮಾನದ ಕೊನೆಗೆ ಲಂಡನ್‌ನಲ್ಲಿ ಕೂತು ವಸಾಹತುಗಳ ಕಾಗದಪತ್ರ ನೋಡುತ್ತಿದ್ದ ದೊಡ್ಡ ಅಧಿಕಾರಿ. ಕೆನಡಾದ ಕಾಡಿನ ನಡುವೆ ಒಂದು ಟೌನ್‌ಶಿಪ್‌ಗೆ ಅವನ ಹೆಸರಿಟ್ಟರು. ಆಸ್ಟ್ರೇಲಿಯಾದಲ್ಲಿ ಸಿಡ್ನಿ ಹತ್ತಿರದ ನೇಪಿಯನ್ ನದಿಗೂ ಅವನದೇ ಹೆಸರು. ಆಮೇಲೆ 1812ರಲ್ಲಿ ಅವನು ಬಾಂಬೆ ಗವರ್ನರ್ ಆಗಿ ಬಂದು 1819ರವರೆಗೆ ಇದ್ದ. ಮುಂಬೈನ ನೇಪಿಯನ್ ಸೀ ರೋಡ್ ಗೊತ್ತಲ್ವಾ, ಮಲಬಾರ್ ಹಿಲ್ ಪಕ್ಕದ್ದು? ಆ ನೇಪಿಯನ್ನೂ ಇವನೇ.

ಕೆನಡಾದ ಆ ಟೌನ್‌ಶಿಪ್ 1978ರಲ್ಲಿ ನಗರ ಆಯಿತು, 2001ರ ಜನವರಿ 1ರಂದು ಒಟ್ಟಾವಾದೊಳಗೆ ಸೇರಿಹೋಯಿತು. ಈಗ ನೇಪಿಯನ್ ಅನ್ನೋ ನಗರಸಭೆ ಇಲ್ಲ, ಮೇಯರ್ ಇಲ್ಲ. ಜನ ಮಾತ್ರ ಕಾಗದದ ವಿಳಾಸಕ್ಕೆ ಇವತ್ತಿಗೂ ನೇಪಿಯನ್ ಅಂತ ಬರೆಯುತ್ತಾರೆ.